ಸತ್ಯಾಂಶ: ಮುದಿ ನಾಯಿಯ ಹೊಟ್ಟೆಯುಬ್ಬರಕ್ಕೆ ಸೋಡಾ ನೀರು ಮದ್ದಲ್ಲ

"ವಯಸ್ಸಾದ ನಾಯಿಯ ಹೊಟ್ಟೆ ಉಬ್ಬಿದರೆ ಅದು ಬರೀ ಗ್ಯಾಸ್. ಅಡುಗೆ ಸೋಡಾ ಬೆರೆಸಿದ ಓಮದ ನೀರು ಕುಡಿಸಿ ಬೆಳಗಿನವರೆಗೆ ಕಾಯಿರಿ, ಆ ವಯಸ್ಸಿಗೆ ಎಕ್ಸ್‌ರೇ ಒಳ್ಳೆಯದಲ್ಲ" ಎಂಬ ಸಂದೇಶ ವಾಟ್ಸ್‌ಆಪ್‌ನಲ್ಲಿ ಹರಿದಾಡುತ್ತಿದೆ. ಇದರ ಮಾತುಗಳೆಲ್ಲ ತಪ್ಪು. ಕಾಯಿರಿ ಎಂಬ ಸಲಹೆಯಂತೂ ನಾಯಿಯ ಪ್ರಾಣಕ್ಕೇ ಎರವಾಗಬಲ್ಲದು.

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಗೂಡಿನ ನಾಯಿಗಳಲ್ಲಿ, ಅದರಲ್ಲೂ ವಯಸ್ಸಾದವುಗಳಲ್ಲಿ, ಗಾಳಿ ತುಂಬಿದ ಜಠರವು ತಿರುಚಿಕೊಂಡು ಅದರ ಎರಡೂ ದಾರಿಗಳು ಕಟ್ಟಿಹೋಗುವುದುಂಟು. ಆಗ ನಾಯಿ ಮತ್ತೆ ಮತ್ತೆ ಓಕರಿಸುತ್ತದೆ, ಆದರೆ ಜೊಲ್ಲು, ನೊರೆ ಬಿಟ್ಟು ಏನೂ ಹೊರಬರುವುದಿಲ್ಲ. ಜಠರದ ಆಮ್ಲದೊಡನೆ ಸೇರಿದ ಸೋಡಾ ಇನ್ನಷ್ಟು ಗಾಳಿಯನ್ನೇ ಹುಟ್ಟಿಸುತ್ತದೆ. ಇತ್ತ ರಕ್ತಸಂಚಾರ ನಿಂತ ಜಠರದ ಗೋಡೆ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ.

ಬರೀ ಉಬ್ಬರವೋ, ಜಠರ ತಿರುಚಿದೆಯೋ ಎಂಬುದು ಹೊಟ್ಟೆ ಮುಟ್ಟಿ ನೋಡಿದರೆ ಖಚಿತವಾಗದು. ರಕ್ತನಾಳಕ್ಕೆ ದ್ರವ ಹರಿಸಿ ನಾಯಿಯನ್ನು ಸ್ವಲ್ಪ ಸುಧಾರಿಸಿ, ಬಲಮಗ್ಗುಲಿಗೆ ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ತಿರುಚಿದ ಜಠರವು, ನಡುವೆ ಬಿಳಿಯ ಪಟ್ಟಿಯೊಂದು ಅಡ್ಡ ಹಾಯ್ದ ಎರಡು ಕಪ್ಪು ಗುಳ್ಳೆಗಳಂತೆ ಕಾಣುತ್ತದೆ. ಅದು ಕಂಡರೆ ಶಸ್ತ್ರಚಿಕಿತ್ಸೆಗೆ ತಡಮಾಡುವಂತಿಲ್ಲ. ಇಂಥ ಚಿತ್ರದ ವಿಕಿರಣ ಅತ್ಯಲ್ಪ. ಮುದಿತನ ಅದಕ್ಕೆ ಅಡ್ಡಿಯೇ ಅಲ್ಲ.

ಉಬ್ಬಿದ ಹೊಟ್ಟೆಯಲ್ಲಿ ಇರುವುದೆಲ್ಲ ಗಾಳಿಯೂ ಅಲ್ಲ. ಜಠರದ ಪಕ್ಕದಲ್ಲಿರುವ ಗುಲ್ಮ (ಸ್ಪ್ಲೀನ್) ಎಂಬ ಅಂಗದ ಗಡ್ಡೆ ಒಡೆದು ರಕ್ತ ಸೋರಿದ್ದರೆ ವಸಡು ಬಿಳಿಚಿಕೊಳ್ಳುತ್ತದೆ, ಅಂಗಗಳ ನಡುವೆ ನಿಂತ ದ್ರವವನ್ನು ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಆದರೆ ಆ ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಅಲ್ಟ್ರಾಸೌಂಡ್ ಒಂದೇ ಹೇಳಲಾರದು. ಹೊರತೆಗೆದ ಗುಲ್ಮದ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿಯೇ ತಿಳಿಯಬೇಕು.