ಅಳತೆಗೆ ಸಿಗದ ಕ್ಯಾರಿಯರ್

ನಮ್ಮ ಹಳೇ ಪಿಕಪ್ಪಿನ ಬಾಡಿ ಒಂಬತ್ತು ಅಡಿ. ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಹದಿನೆಂಟು ಅಡಿ. ಮಿಕ್ಕ ಅರ್ಧ ಹಿಂದೆ ನೇತಾಡುತ್ತಿತ್ತು. ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡೇ ಓಡಾಡುತ್ತಿದ್ದೆ. ಒಂದು ದಿನ ಶಿರಸಿಯ ಬಿಡ್ಕಿಬೈಲಿನ ಹತ್ತಿರ ಗಾಡಿಯನ್ನು ಬಲಕ್ಕೆ ತಿರುಗಿಸಿದೆ. ಬಾಲ ಎಡಕ್ಕೆ ಬೀಸಿತು. ಅಂಗಡಿ ಎದುರು ತೂಗುಹಾಕಿದ್ದ ಬಾಳೆಗೊನೆಯೊಂದು ಕೆಂಪು ಬಟ್ಟೆಯ ಜೊತೆ ನನ್ನ ಹಿಂದೆಯೇ ಹೊರಟಿತ್ತು. ಪೂರ್ತಿ ಗೊನೆಯ ದುಡ್ಡು ಕೊಟ್ಟೆ. ಹಣ್ಣು ಇನ್ನೂ ಕಾಯಿ.

ಅವತ್ತೇ ತೀರ್ಮಾನ ಮಾಡಿದೆ, ಉದ್ದದ ಸಾಮಾನು ಹೇರಲು ಗಾಡಿಯ ತಲೆ ಮೇಲೆ ಪೈಪಿನ ಕ್ಯಾರಿಯರ್ ಹಾಕಿಸಬೇಕು.

ವೆಲ್ಡಿಂಗ್ ಅಂಗಡಿಯವನು ಗಾಡಿಯನ್ನು ಒಂದು ಸುತ್ತು ಹಾಕಿ, "ಹೆಗಡೇರೇ, ಕ್ಯಾಬಿನ್ ಬೇರೆ, ಬಾಡಿ ಬೇರೆ. ಹೊಂಡ ಬಂದಾಗ ಎರಡೂ ಬೇರೆ ಬೇರೆ ಕುಣಿತವೆ. ಎರಡಕ್ಕೂ ಸೇರಿಸಿ ಬಿಗಿದ್ರೆ ಯಾವ್ದಾದ್ರೂ ಒಂದು ಸೀಳ್ತದೆ" ಎಂದ. ಹಾಗಾಗಿ ಕಾಲುಗಳೆಲ್ಲ ಬಾಡಿಗೇ. ಮುಂದಿನ ಭಾಗ ಕ್ಯಾಬಿನ್ ಮೇಲೆ ಚಾಚಿಕೊಂಡಿರುತ್ತದೆ, ತಗಲುವುದಿಲ್ಲ. ಒಂದೂವರೆ ಇಂಚಿನ ಜಿಐ ಪೈಪು, ಅಂದರೆ ಸತು ಬಳಿದ ಕಬ್ಬಿಣದ ಪೈಪು, ಅರವತ್ತು ಅಡಿ ಬೇಕಾಯಿತು. ತೂಕ ಸುಮಾರು ಅರವತ್ತೈದು ಕಿಲೋ. ಅಂದರೆ ಇನ್ನು ಮುಂದೆ ಖಾಲಿ ಹೋದರೂ ಒಂದು ಚೀಲ ಅಡಿಕೆ ತಲೆ ಮೇಲೆ ಇಟ್ಟುಕೊಂಡು ಹೋದ ಲೆಕ್ಕ.

ಅವನು ಬ್ಯಾಟರಿಯ ವೈರು ಬಿಚ್ಚಿಟ್ಟು, ಪೈಪಿನ ಸತುವನ್ನು ಉಜ್ಜಿ ತೆಗೆದು ಕೆಲಸ ಶುರು ಮಾಡಿದ. ಉಜ್ಜದೆ ಸುಟ್ಟರೆ ಆ ಬಿಳಿ ಹೊಗೆ ಕುಡಿದು ರಾತ್ರಿ ಚಳಿಜ್ವರ ಬರುತ್ತದಂತೆ. ಇಷ್ಟು ತಿಳಿದವನನ್ನು ಅವನ ಪಾಡಿಗೆ ಬಿಡಬಹುದಿತ್ತು. ಬಿಡಲಿಲ್ಲ. ನನ್ನ ತಲೆಯಿಂದ ಎರಡು ಸೇರಿಸಿದೆ. ಹಗ್ಗದ ಕೊಕ್ಕೆಗೆ ಅಂತ ಮುಂದಿನ ಅಡ್ಡ ಪೈಪಿಗೆ ಸಾಲಾಗಿ ಆರು ತೂತು ಹಾಕಿಸಿದೆ. ಕಳ್ಳರು ಬಿಚ್ಚಿಕೊಂಡು ಹೋದರೆ ಅಂತ, ಬೋಲ್ಟಿನ ನಟ್ಟುಗಳಿಗೆ ಒಂದೊಂದು ಟಿಕ್ಕಿ ವೆಲ್ಡಿಂಗ್ ಹೊಡೆಸಿದೆ.

ಮನೆಗೆ ಬಂದಾಗ ಹೆಂಡತಿ ಜಗಲಿಯಲ್ಲಿ ನಿಂತು ನೋಡಿ ಕೇಳಿದ್ದು ಒಂದೇ ಮಾತು. "ಕೊಟ್ಗೆ ಬಾಗ್ಲು ಅಳದ್ರಾ?"

ಅದನ್ನೊಂದು ಬಿಟ್ಟು ಎಲ್ಲ ಅಳೆದಿದ್ದೆ.

ಮೊದಲ ಸವಾರಿ ಕುಮಟಾ ಕಡೆಗೆ. ಕೊಕ್ಕೆ ಇನ್ನೂ ಹಾಕಿರಲಿಲ್ಲ. ಗಾಡಿ ನಲವತ್ತು ದಾಟಿದ್ದೇ ತಡ, ತಲೆ ಮೇಲೆ ಯಾರೋ ಊದಲು ಶುರು ಮಾಡಿದರು. ಬದಿಗೆ ನಿಲ್ಲಿಸಿದರೆ ನಿಶ್ಶಬ್ದ. ಹೊರಟರೆ ಮತ್ತೆ ಊಊ. ಆಮೇಲೆ ಹೊಳೆಯಿತು. ಎರಡೂ ತುದಿ ತೆರೆದ ಪೈಪು, ಮೈಮೇಲೆ ಆರು ತೂತು, ಎದುರಿನಿಂದ ಗಾಳಿ. ಹನ್ನೆರಡು ಸಾವಿರ ಕೊಟ್ಟು ಕೊಳಲು ಮಾಡಿಸಿದ್ದೆ. ದೇವಿಮನೆ ಘಟ್ಟದ ತಿರುವಿನಲ್ಲಿ ವೇಗ ಇಳಿದಂತೆ ಸ್ವರವೂ ಇಳಿಯುತ್ತಿತ್ತು. ಮಳೆ ಬಂದ ದಿನ ಪೈಪಿನಲ್ಲಿ ನೀರು ನಿಂತು, ಬ್ರೇಕ್ ಹಾಕಿದ ಕೂಡಲೇ ಗಾಜಿನ ಮೇಲೆ ಅಭಿಷೇಕ. ನಮ್ಮ ನಾಯಿಗೆ ಮಾತ್ರ ಖುಷಿ. ಅರ್ಧ ಮೈಲಿ ದೂರದಲ್ಲೇ ಆ ದನಿ ಹಿಡಿದು ಬೇಲಿಯ ದಣಪೆ ಬಾಗಿಲ ಹತ್ತಿರ ಬಂದು ಬಾಲ ಅಲ್ಲಾಡಿಸುತ್ತಾ ನಿಲ್ಲುತ್ತಿತ್ತು.

ಕೊಟ್ಟಿಗೆಯ ವಿಷಯಕ್ಕೆ ಬರೋಣ. ಅಲ್ಲೀತನಕ ಗಾಡಿ ಅಂಗಳದಲ್ಲೇ ನಿಲ್ಲುತ್ತಿತ್ತು. ಒಂದು ರಾತ್ರಿ ಇಪ್ಪತ್ತು ಚೀಲ ಹಿಂಡಿ ತಂದೆ. ಚೀಲಕ್ಕೆ ಐವತ್ತು ಕಿಲೋ. ಜೋರು ಮಳೆ, ಹಿಂಡಿ ನೆನೆಯಬಾರದು. ಉಸಿರು ಬಿಗಿಹಿಡಿದು ಕೊಟ್ಟಿಗೆಗೆ ನುಗ್ಗಿಸಿದೆ. ಬಾಗಿಲ ಮೇಲಿನ ತೊಲೆಗೂ ಕ್ಯಾರಿಯರಿಗೂ ಮಧ್ಯೆ ಒಂದು ಬೆರಳು ಜಾಗ. ಒಳಗೆ ಮಾಡು ಎತ್ತರ, ಚಿಂತೆ ಇಲ್ಲ. "ನೋಡು, ಹಿಡಿಸ್ತಲ್ಲ" ಎಂದು ಗೆದ್ದವನ ಹಾಗೆ ಮಲಗಿದೆ.

ಬೆಳಿಗ್ಗೆ ಆಳುಗಳು ಬಂದು ಚೀಲ ಇಳಿಸಿದರು. ನಾನು ಗಾಡಿ ಹಿಂದಕ್ಕೆ ತೆಗೆದೆ. ಢಣ್! ತೊಲೆಯಿಂದ ನಾಲ್ಕು ಗೆದ್ದಲು, ಒಂದು ಹಲ್ಲಿ ಬಿದ್ದವು. ಒಂದು ಟನ್ ಭಾರ ಇಳಿದ ಮೇಲೆ ಸ್ಪ್ರಿಂಗ್ ಪಟ್ಟಿಗಳು ಸುಮ್ನೆ ಇರುತ್ತವಾ? ಗಾಡಿ ಎರಡು ಇಂಚು ಮೇಲೆದ್ದಿತ್ತು. ಕ್ಯಾರಿಯರ್ ಬಿಚ್ಚೋಣ ಅಂದರೆ ನಟ್ಟಿಗೆ ವೆಲ್ಡಿಂಗ್. ಕಳ್ಳರ ಜೊತೆ ನನಗೂ ಬಿಚ್ಚಲು ಬಾರದ ಹಾಗೆ ಮಾಡಿಟ್ಟಿದ್ದೆ. ಇಪ್ಪತ್ತು ಚೀಲ ಮತ್ತೆ ಹೇರಿ ಎಂದರೆ ಆಳುಗಳು ನನ್ನ ಮುಖವನ್ನೇ ನೋಡಿದರು.

"ಅಪ್ಪಾ, ಟೈರಿನ ಗಾಳಿ ಬಿಟ್ರಾಗ್ತು" ಎಂದ ಮಗ. ಬಿಟ್ಟೆವು. ಒಂದು ಇಂಚು ಇಳಿಯಿತು. ಇನ್ನೊಂದು ಇಂಚಿಗೆ ಅಕ್ಕಪಕ್ಕದ ಮನೆಯವರನ್ನು ಕರೆದೆ. ಹನ್ನೊಂದು ಜನ ಬಂದು ಬಾಡಿಯಲ್ಲಿ ತಲೆ ತಗ್ಗಿಸಿ ಕುಳಿತರು. ಹತ್ತಿದವರು ಸುಮ್ಮನಿದ್ದಾರಾ? ಅಡಿಕೆ ರೇಟು, ಕೊಳೆರೋಗ, ಯಾರದೋ ಮಗನ ಮದುವೆ, ಎಲ್ಲ ಶುರುವಾಯಿತು. ಗಾಡಿ ಹೊರಗೆ ಬಂದರೂ ಇಳಿಯಲಿಲ್ಲ. ಚಾ, ಅವಲಕ್ಕಿ ಅಲ್ಲಿಗೇ ಹೋಯಿತು. ಹೆಂಡತಿ ತಟ್ಟೆ ಕೊಡುತ್ತಾ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಈಗ ಗಾಡಿ ಮತ್ತೆ ಅಂಗಳದಲ್ಲಿ. ಪೈಪಿನ ತುದಿಗೆ ಮುಚ್ಚಳ ಹಾಕಿಸಬೇಕು, ಹಾಕಿಸಿಲ್ಲ. ಕಳೆದ ವಾರ ಕುಂಬಾರ ಹುಳವೊಂದು ಆರು ತೂತಿನಲ್ಲಿ ಎರಡನ್ನು ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಮುಚ್ಚಿದೆ. ನಿನ್ನೆ ಪೇಟೆಯಿಂದ ಬರುವಾಗ ಶ್ರುತಿ ಬೇರೆಯಾಗಿತ್ತು. ದಣಪೆ ಹತ್ತಿರ ಬಂದರೆ, ನಮ್ಮ ನಾಯಿ ನನ್ನನ್ನೇ ನೋಡಿ ಬೊಗಳಿತು.