ಮನೆ ಇಳಿಸಿ ನೋಡು

ಮನೆ ಕಟ್ಟಿ ನೋಡು ಅನ್ನುತ್ತಿದ್ದರು ಹಿರಿಯರು. ನನ್ನ ಗೆಳೆಯ ಕಟ್ಟಲಿಲ್ಲ, ಇಳಿಸಿದ. ಕ್ರೇನ್ ಬಂತು, 20 ಅಡಿಯ ಶಿಪ್ಪಿಂಗ್ ಕಂಟೇನರ್ ಒಂದನ್ನು ಸೈಟಿನ ಮೇಲೆ ಕೂರಿಸಿತು, ಮನೆ ಆಯಿತು.

ನೋಡಲು ಹೋದೆ. ಬಾಗಿಲ ಮೇಲೆ ಹೆಸರಿನ ಫಲಕ ಇರಲಿಲ್ಲ. ಕಂಟೇನರ್ ಜೊತೆಗೇ ಬಂದ ಸುರಕ್ಷತೆಯ ಫಲಕ ಮಾತ್ರ ಇತ್ತು: ಗರಿಷ್ಠ ತೂಕ 30,480 ಕಿಲೋ. ನಾವು ನಾಲ್ಕೇ ಜನ ಅಲ್ವಾ, ಧೈರ್ಯವಾಗಿ ಒಳಗೆ ಹೋದೆವು.

ಒಳಗಿನ ಅಗಲ ಏಳು ಅಡಿ ಎಂಟು ಇಂಚು. ಅದೂ ಉಕ್ಕಿನಿಂದ ಉಕ್ಕಿಗೆ ಅಳೆದರೆ. ಎರಡು ಮಿಲಿಮೀಟರಿನಷ್ಟು ತೆಳ್ಳಗಿನ ಗೋಡೆ ಬಿಸಿಲಿಗೆ ಬಾಣಲೆಯಾಗುತ್ತದೆ, ಚಳಿಗೆ ಫ್ರಿಜ್ ಆಗುತ್ತದೆ. ಅದಕ್ಕೆ ಎರಡೂ ಕಡೆ ಫೋಮ್, ಅದರ ಮೇಲೆ ಹಲಗೆ. ಉಳಿದದ್ದು ಏಳಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಗಾದೆಗೆ ಕೊನೆಗೂ ಒಬ್ಬ ಆರ್ಕಿಟೆಕ್ಟ್ ಸಿಕ್ಕಿದ್ದಾನೆ. ಮಂಚ ಬಿಡಿಸಿದರೆ ಓಡಾಡುವಂತಿಲ್ಲ, ಓಡಾಡಬೇಕೆಂದರೆ ಮಂಚ ಮಡಚಬೇಕು. ಇದಕ್ಕೆ ಸರಳ ಬದುಕು ಅಂತ ಹೆಸರು.

"ಎಲ್ಲಾ ರೀಸೈಕಲ್ ಕಣೋ," ಅಂದ.

"ಎಷ್ಟು ವರ್ಷ ಸಮುದ್ರ ಸುತ್ತಿದೆ?"

"ಒಂದೇ ಟ್ರಿಪ್. ಹಳೆಯದಕ್ಕೆ ತುಕ್ಕು ಹಿಡಿದಿರುತ್ತೆ, ಒಳಗೆ ಏನೇನು ತುಂಬಿದ್ರೋ ಯಾರಿಗೆ ಗೊತ್ತು! ಅದಕ್ಕೇ ಹೊಸದೇ ತಗೊಂಡೆ."

ಅಂದರೆ ಎರಡು ಟನ್ನಿಗೂ ಜಾಸ್ತಿ ತೂಗುವ ಹೊಸ ಉಕ್ಕನ್ನು ಕೆಲಸದಿಂದ ಬಿಡಿಸಿ ತಂದದ್ದು ಪರಿಸರ ಸೇವೆ. ಅದರ ಗಟ್ಟಿತನವೆಲ್ಲ ನಾಲ್ಕು ಮೂಲೆಯ ಕಂಬ ಮತ್ತು ಮಡಿಕೆ ಬಿದ್ದ ಗೋಡೆಗಳಲ್ಲಿ. ಆ ಗೋಡೆಯನ್ನೇ ಕಿಟಕಿಗೆ ಅಂತ ಕೊರೆದ. ಗೋಡೆ ಸಡಿಲಾಯಿತು ಅಂತ ಸುತ್ತಲೂ ಮತ್ತಷ್ಟು ಕಬ್ಬಿಣ ಬೆಸೆದ. ಅದೂ ಪರಿಸರ ಸೇವೆಯೇ.

ಪಾಪ, ಮಾಲ್ಕಮ್ ಮ್ಯಾಕ್ಲೀನ್ ಇದನ್ನು ಕನಸಲ್ಲೂ ಎಣಿಸಿರಲಿಕ್ಕಿಲ್ಲ. ಅವನು ಅಮೆರಿಕದ ಲಾರಿ ಮಾಲೀಕ, ಈ ಕಂಟೇನರ್ ಸಾಗಣೆಗೆ ನಾಂದಿ ಹಾಡಿದವನು. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂವಾರ್ಕಿನಿಂದ ಹ್ಯೂಸ್ಟನ್‌ಗೆ ಕಳಿಸಿದ. ಅಲ್ಲಿಯವರೆಗೆ ಕೂಲಿಯವರು ಮೂಟೆ ಮೂಟೆಯಾಗಿ ಹೊತ್ತು ತುಂಬುವಾಗ ಟನ್ನಿಗೆ 5.86 ಡಾಲರ್ ಬೀಳುತ್ತಿತ್ತಂತೆ. ಪೆಟ್ಟಿಗೆ ಬಂದ ಮೇಲೆ 16 ಸೆಂಟ್. ಪೆಟ್ಟಿಗೆಯ ಜಾಣತನ ಇಷ್ಟೇ: ಒಳಗೆ ಏನಿದೆ ಅಂತ ಕೇಳಬಾರದು, ಎಲ್ಲೂ ನಿಲ್ಲಬಾರದು. ಬಂದರಿನವರ ಭಾಷೆಯಲ್ಲಿ ಡಿಟೆನ್ಷನ್ ಅಂತ ಒಂದು ಮಾತಿದೆ. ಕೊಟ್ಟ ದಿನಗಳೊಳಗೆ ಖಾಲಿ ಕಂಟೇನರ್ ವಾಪಸ್ ಮಾಡದಿದ್ದರೆ ದಿನಕ್ಕಿಷ್ಟು ಅಂತ ದಂಡ. ಗೆಳೆಯ ಅದನ್ನು ಜೀವನಪೂರ್ತಿ ಇಟ್ಟುಕೊಂಡು ಹೌಸ್ ಅಂತಾನೆ.

ಅವನೊಬ್ಬನನ್ನೇ ಅಂದು ಏನು ಬಂತು? 2022ರ ವಿಶ್ವಕಪ್ಪಿಗೆ ಕತಾರ್ ಕಂಟೇನರುಗಳ ಸ್ಟೇಡಿಯಂ ಕಟ್ಟಿತು. ಎಷ್ಟು ಕಂಟೇನರ್? 974. ಯಾಕೆ ಅಷ್ಟೇ? ದೇಶದ ಟೆಲಿಫೋನ್ ಕೋಡ್ 974. ಎಂಜಿನಿಯರ್ ಲೆಕ್ಕ ಹಾಕೋ ಮೊದಲೇ ಟೆಲಿಫೋನ್ ಇಲಾಖೆ ಹಾಕಿಟ್ಟಿತ್ತು. ಅಮೆರಿಕದ ಕೋಡ್ ಬರೀ 1. ಅವರ ಸ್ಟೇಡಿಯಂ ಹೇಗಿರುತ್ತಿತ್ತೋ ಊಹಿಸಿಕೊಳ್ಳಿ.

ಅಮೆರಿಕದವರೂ ಸುಮ್ನೆ ಕೂತಿರಲಿಲ್ಲ ಬಿಡಿ. ಅದೇ ವರ್ಷ ಆಗಸ್ಟಿನಲ್ಲಿ ಅರಿಜೋನಾದ ಗವರ್ನರ್ ಡಗ್ ಡ್ಯೂಸಿ ಮೆಕ್ಸಿಕೋ ಗಡಿಯಲ್ಲಿ ಕಂಟೇನರಿನ ಮೇಲೆ ಕಂಟೇನರ್ ಪೇರಿಸಿ ಗೋಡೆ ಎಬ್ಬಿಸಿದರು. ಗಡಿ ದಾಟಲೆಂದೇ ಹುಟ್ಟಿದ ಪೆಟ್ಟಿಗೆಗೆ ಗಡಿ ಕಾಯುವ ನೌಕರಿ! ಕಂಟೇನರ್ ನೇರ, ನೆಲ ಏರುತಗ್ಗು. ಹಾಗಾಗಿ ನಡುನಡುವೆ ಸಂದು. ಇವರು ಚಾಪೆ ಹಾಸುವ ಮೊದಲೇ ರಂಗೋಲಿ ಕೆಳಗೆ ತೂರಲು ದಾರಿ ಬಿಟ್ಟಿದ್ದರು. ಶುರುವಿನಲ್ಲೇ ಒಂದು ರಾತ್ರಿ ಎರಡು ಪೆಟ್ಟಿಗೆ ಉರುಳಿ ಬಿದ್ದವು. ಕೇಂದ್ರ ಸರ್ಕಾರ ಕೋರ್ಟಿಗೆ ಹೋಯಿತು. ಡಿಸೆಂಬರಿಗೆಲ್ಲ, ಸರಿ ತೆಗೀತೀವಿ ಅಂತ ರಾಜ್ಯ ಒಪ್ಪಿಕೊಂಡಿತು. ಇಡಲು ಕೋಟಿಗಟ್ಟಲೆ ಡಾಲರ್, ಎತ್ತಲು ಮತ್ತೆ ಕೋಟಿಗಟ್ಟಲೆ. ಗೋಡೆಯ ಪಾಲಿಗೂ ಡಿಟೆನ್ಷನ್ ತಪ್ಪಲಿಲ್ಲ.

ಗೆಳೆಯನ ಮನೆಯಿಂದ ಹೊರಡುವಾಗ ಅಂಗಳದಲ್ಲಿ ಟಾರ್ಪಾಲ್ ಹೊದ್ದ ಏನೋ ಒಂದು ಕಂಡಿತು. ಎತ್ತಿ ನೋಡಿದರೆ ಸೋಫಾ. ವಿದೇಶದ್ದು, ಆಸೆಪಟ್ಟು ತರಿಸಿದ್ದನಂತೆ. ಫೋಮು, ಹಲಗೆ, ಕೊರೆದ ಪುಟ್ಟ ಬಾಗಿಲು ಎಲ್ಲಾ ಸೇರಿ ಒಳಗೆ ತೂರುತ್ತಿಲ್ಲ.

"ಇಷ್ಟು ದೂರ ಹೇಗೆ ಬಂತೋ?" ಅಂದೆ.

"ಕಂಟೇನರಲ್ಲಿ," ಅಂದ.