ನೀವೇ ಕೊಟ್ಟ ಅಂಕಪಟ್ಟಿ, ಸ್ವಾಮಿ

ದಾವಣಗೆರೆಯಲ್ಲಿದ್ದುಕೊಂಡು ಎಂ.ಎ. ಸೇರಬೇಕೆಂದರೆ ಮೊದಲು ಹೋಗಬೇಕಾದ ಜಾಗ ವಿಶ್ವವಿದ್ಯಾಲಯ ಅಲ್ಲ, ಸೈಬರ್ ಸೆಂಟರ್. ಕುಲಪತಿ, ಕುಲಸಚಿವರು, ಡೀನ್ ಎಲ್ಲ ಆಮೇಲೆ. ಪ್ರವೇಶದ ನಿಜವಾದ ಅಧಿಕಾರ ಇರುವುದು ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಕಂಪ್ಯೂಟರ್ ಮುಂದೆ ಕೂತ ಒಬ್ಬ ಹುಡುಗನ ಕೈಯಲ್ಲಿ. ಪೋರ್ಟಲ್ ಯಾವ ಹೊತ್ತಿಗೆ ಮಲಗುತ್ತೆ, ಯಾವ ಹೊತ್ತಿಗೆ ಏಳುತ್ತೆ, ಓಟಿಪಿ ಬರದಿದ್ದರೆ ಏನು ಮಾಡಬೇಕು, ಎಲ್ಲ ಅವನಿಗೆ ಬಾಯಿಪಾಠ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ನೋಡಿ. ಅವರು ಹೇಳುವುದೂ ಅದನ್ನೇ. "ಯಾವುದಾದ್ರೂ ಸೈಬರ್‌ಗೆ ಹೋಗಮ್ಮ, ಅವರಿಗೆ ಗೊತ್ತಿರುತ್ತೆ."

ನಮ್ಮ ಪಕ್ಕದ ಮನೆ ಹುಡುಗಿ ಈ ಸಲ ಅರ್ಥಶಾಸ್ತ್ರ ಎಂ.ಎ.ಗೆ ಅರ್ಜಿ ಹಾಕಿದಳು. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ರಾಜ್ಯದಲ್ಲಿರುವ ಯಾವ ಹೆಸರು ಹಾಕಿಕೊಂಡು ಓದಿದರೂ ಒಂದಕ್ಷರ ಬದಲಾಗಲ್ಲ. ಅವಳು ಬಿ.ಎ. ಮಾಡಿದ್ದೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ. ಪ್ರಶ್ನೆಪತ್ರಿಕೆ ಅವರದು, ಮೌಲ್ಯಮಾಪನ ಅವರದು, ಅಂಕಪಟ್ಟಿ ಅವರದು, ಅದರ ಮೇಲಿನ ಸಹಿ ಅವರದು, ಮೊಹರು ಅವರದು. ಈಗ ಅವರೇ ಕೇಳುತ್ತಿದ್ದಾರೆ: ನೀನು ಡಿಗ್ರಿ ಮಾಡಿದ್ದೀಯ ಅನ್ನೋದಕ್ಕೆ ಸಾಕ್ಷಿ ಏನಮ್ಮ?

ಸಾಕ್ಷಿ ಎಲ್ಲಿದೆ ಅಂದರೆ ಯುಯುಸಿಎಂಎಸ್‌ನಲ್ಲಿದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಟ್ಟಿಗೆ ಇರಲಿ ಅಂತ ಸರ್ಕಾರ ಮಾಡಿದ ಆನ್‌ಲೈನ್ ವ್ಯವಸ್ಥೆ ಅದು. ಡಿಗ್ರಿ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲ ಅದರಲ್ಲೇ ನಡೆದದ್ದು. ಎಂ.ಎ. ಅರ್ಜಿ ತುಂಬುವುದೂ ಅದರಲ್ಲೇ. ಹಾಗಾಗಿ ಹುಡುಗಿ ಅದರಿಂದ ಅಂಕಪಟ್ಟಿ ಇಳಿಸಿಕೊಂಡಳು, ಪ್ರಿಂಟ್ ತೆಗೆಸಿದಳು, ಸಹಿ ಹಾಕಿಸಿದಳು, ಸ್ಕ್ಯಾನ್ ಮಾಡಿಸಿದಳು, ಮತ್ತೆ ಅದಕ್ಕೇ ಏರಿಸಿದಳು. ಕಂಪ್ಯೂಟರ್ ತನ್ನ ಹೊಟ್ಟೆಯಿಂದ ಬಂದ ಕಾಗದವನ್ನು ಪರೀಕ್ಷಿಸಿ "ಫೈಲ್ ಗಾತ್ರ ಹೆಚ್ಚಾಗಿದೆ" ಅಂತ ಬೇಜಾರು ಮಾಡಿಕೊಂಡಿತು. ಗಾತ್ರ ಇಳಿಸಿದರೆ ಅಕ್ಷರ ಕಾಣಲಿಲ್ಲ. ಅಕ್ಷರ ಕಾಣದಿದ್ದಾಗ ಕಂಪ್ಯೂಟರ್ ಸಂತೋಷದಿಂದ ಒಪ್ಪಿಕೊಂಡಿತು.

ನಡುವೆ ಸಹಿ ಹಾಕಿಸಿದಳು ಅಂದೆನಲ್ಲ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸ್ವಯಂ ದೃಢೀಕರಣ ಸಾಕು, ಗೆಜೆಟೆಡ್ ಅಧಿಕಾರಿಯ ಸಹಿಗೆ ಜನರನ್ನು ಅಲೆದಾಡಿಸಬೇಡಿ ಅಂತ ಕೇಂದ್ರ ಸರ್ಕಾರ 2014ರಲ್ಲೇ ಹೇಳಿದೆ. ಡಿಜಿಲಾಕರ್ 2015ರಲ್ಲಿ ಬಂತು. ಅದರಲ್ಲಿರುವ ದಾಖಲೆಯನ್ನು ಮೂಲ ದಾಖಲೆ ಅಂತಲೇ ಒಪ್ಪಬೇಕು ಅನ್ನುವ ನಿಯಮವೂ ಇದೆ. ಹುಡುಗಿ ಇದನ್ನೆಲ್ಲ ಕೌಂಟರ್‌ನಲ್ಲಿ ಹೇಳಿದಳು. ಗುಮಾಸ್ತರು ಸಮಾಧಾನದಿಂದ ಕೇಳಿಸಿಕೊಂಡರು. "ಚೆನ್ನಾಗಿ ಓದ್ಕೊಂಡಿದ್ದೀಯಮ್ಮ. ಗೆಜೆಟೆಡ್ ಸಹಿ ಎಲ್ಲಿ?"

ನಮ್ಮ ಬಡಾವಣೆಗೆ ಹತ್ತಿರ ಇರುವ ಗೆಜೆಟೆಡ್ ಅಧಿಕಾರಿ ಎಂದರೆ ಪಶುವೈದ್ಯರು. ಹುಡುಗಿ ಹೋದಾಗ ಅವರು ಒಂದು ಎಮ್ಮೆಯ ಹಿಂದೆ ನಿಂತಿದ್ದರು, ಮೊಣಕೈವರೆಗೂ ಗ್ಲೌಸ್. "ಸ್ವಲ್ಪ ತಡಿಯಮ್ಮ" ಅಂದರು. ಎಮ್ಮೆ ಗಬ್ಬ ಆಗಿದೆ ಅಂತ ಖಾತ್ರಿಯಾದ ಮೇಲೆ ಗ್ಲೌಸ್ ತೆಗೆದು, ಕೈ ತೊಳೆದು, ಹಸಿರು ಪೆನ್ನು ಹಿಡಿದು ಆರೂ ಸೆಮಿಸ್ಟರ್‌ಗೆ ಸರಸರ ಸಹಿ ಹಾಕಿದರು. ಮೂಲ ಪ್ರತಿ ಕೇಳಲಿಲ್ಲ. ಎಮ್ಮೆಯನ್ನಾದರೂ ಮುಟ್ಟಿ ನೋಡಿದ್ದರು. ಅಂಕಪಟ್ಟಿಯನ್ನು ತಿರುಗಿಸಿಯೂ ನೋಡಲಿಲ್ಲ. ಆದರೇನು, ಆ ಗಳಿಗೆಯಿಂದ ಅದು ಅಸಲಿ. ಅದರ ಮೇಲೆ ಪರೀಕ್ಷಾಂಗ ಕುಲಸಚಿವರ ಸಹಿ ಮೊದಲೇ ಇತ್ತು ನಿಜ. ಅವರು ಪಶುವೈದ್ಯರಲ್ಲವಲ್ಲ!

ಆಮೇಲೆ ಜಿಲ್ಲೆಯ ಪ್ರಶ್ನೆ. ಹುಡುಗಿ ಹುಟ್ಟಿದ್ದು ತಾಯಿಯ ತವರು ಹರಪನಹಳ್ಳಿಯಲ್ಲಿ. ಆ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ಈ ಕಡೆ ಬಂತು. 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಪಾಲಾಯಿತು. ಊರು ನಿಂತಲ್ಲೇ ನಿಂತಿದೆ, ಒಂದು ಬೇವಿನ ಮರವೂ ಅಲುಗಾಡಿಲ್ಲ. ಅವಳ ಜನನ ಪ್ರಮಾಣಪತ್ರದಲ್ಲಿ ದಾವಣಗೆರೆ ಜಿಲ್ಲೆ ಅಂತಿದೆ. ಪೋರ್ಟಲ್‌ನಲ್ಲಿ ದಾವಣಗೆರೆ ಒತ್ತಿದರೆ ಹರಪನಹಳ್ಳಿ ಸಿಗಲ್ಲ. ವಿಜಯನಗರ ಒತ್ತಿದರೆ ಹರಪನಹಳ್ಳಿ ಸಿಗುತ್ತೆ, ಆದರೆ ಪ್ರಮಾಣಪತ್ರಕ್ಕೆ ತಾಳೆಯಾಗಲ್ಲ. ಜೊತೆಗೆ 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರ ವಿಶೇಷ ಮೀಸಲಾತಿಯ ಅರ್ಹತಾ ಪತ್ರ ಎಲ್ಲಿ ಅಂತ ಹೊಸ ಪ್ರಶ್ನೆ ಬೇರೆ.

ಸೈಬರ್ ಹುಡುಗ ತಲೆ ಕೆಡಿಸಿಕೊಳ್ಳಲಿಲ್ಲ. "ಅಕ್ಕಾ, ಸುಮ್ನೆ ಇತರೆ ಅಂತ ಒತ್ತಿಬಿಡ್ತೀನಿ. ಇತರೆ ಅಂದ್ರೆ ಯಾರೂ ಕೇಳಲ್ಲ."

ಜಾಗಗಳು ಹೀಗೆ ಆರಾಮಾಗಿ ಓಡಾಡುತ್ತವೆ. ದಾವಣಗೆರೆಯ ಸ್ನಾತಕೋತ್ತರ ಕೇಂದ್ರವನ್ನೇ ನೋಡಿ. 1979ರಲ್ಲಿ ಶುರುವಾದಾಗ ಮೈಸೂರು ವಿಶ್ವವಿದ್ಯಾಲಯದ್ದು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂದಾಗ ಅವರ ಕಡೆ ಹೋಯಿತು. 2009ರಲ್ಲಿ ತಾನೇ ದಾವಣಗೆರೆ ವಿಶ್ವವಿದ್ಯಾಲಯ ಆಯಿತು. ಮೂರು ವಿಶ್ವವಿದ್ಯಾಲಯ ಕಂಡ ಆ ಕೇಂದ್ರವನ್ನು ಯಾರಾದರೂ ಮೈಗ್ರೇಷನ್ ಸರ್ಟಿಫಿಕೇಟ್ ಕೇಳಿದರಾ? ಪಕ್ಕದ ಜಿಲ್ಲೆಯಲ್ಲಿ ಬಿ.ಎ. ಮಾಡಿ ಇಲ್ಲಿಗೆ ಬಂದ ಹುಡುಗನನ್ನು ಕೇಳುತ್ತಾರೆ. ಅದೂ ಅಸಲು ಪ್ರತಿ.

ಅಂಕಗಳದ್ದು ಇನ್ನೊಂದು ಕಥೆ. 2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, 2024ರಲ್ಲಿ ಮತ್ತೆ ಹಳೇ ಮೂರು ವರ್ಷದ ಡಿಗ್ರಿಗೇ ವಾಪಸ್ ಹೋದೆವು. ನಡುವೆ ಸಿಕ್ಕಿಕೊಂಡವರ ಅಂಕಪಟ್ಟಿಯಲ್ಲಿ ಕ್ರೆಡಿಟ್, ಎಸ್‌ಜಿಪಿಎ, ಸಿಜಿಪಿಎ ಎಲ್ಲ ಇವೆ. ಅರ್ಜಿ ಕೇಳುವುದು ಮಾತ್ರ ಶೇಕಡಾವಾರು, ಅದೂ ಭಾಷಾ ವಿಷಯ ಬಿಟ್ಟು. ಲೆಕ್ಕ ಹಾಕುವುದು ಹೇಗೆ ಅಂತ ಕೇಳಿದರೆ ವಿಭಾಗದವರು ಪರೀಕ್ಷಾಂಗಕ್ಕೆ ಕಳಿಸುತ್ತಾರೆ, ಪರೀಕ್ಷಾಂಗದವರು ವಿಭಾಗಕ್ಕೆ ಕಳಿಸುತ್ತಾರೆ. ಕೊನೆಗೆ ಲೆಕ್ಕ ಹಾಕಿದ್ದು ಯಾರು ಅಂತ ಹೇಳಬೇಕಿಲ್ಲ ಅಲ್ವಾ? ಪ್ರಿಂಟಿಗೆ ಐದು ರೂಪಾಯಿ, ಲೆಕ್ಕ ಉಚಿತ.

ಇಷ್ಟೆಲ್ಲ ಆದ ಮೇಲೂ ಅರ್ಜಿ ತಿರಸ್ಕೃತ. ಕಾರಣ, ಆರನೇ ಸೆಮಿಸ್ಟರ್ ಫಲಿತಾಂಶವನ್ನು ವಿಶ್ವವಿದ್ಯಾಲಯ ಅಧಿಕೃತವಾಗಿ ಪ್ರಕಟಿಸಿರಲಿಲ್ಲ. ಹುಡುಗಿ ಇಳಿಸಿಕೊಂಡಿದ್ದು ತಾತ್ಕಾಲಿಕ ಪಟ್ಟಿಯಂತೆ. ಫಲಿತಾಂಶ ಪ್ರಕಟಿಸಬೇಕಾದ ಕಚೇರಿ ಮೊದಲ ಮಹಡಿಯಲ್ಲಿದೆ. ಫಲಿತಾಂಶ ಇಲ್ಲ ಅಂತ ಅರ್ಜಿ ವಾಪಸ್ ಕಳಿಸುವ ಕಚೇರಿ ಅದರ ಕೆಳಗೇ ಇದೆ. ಮೇಲಿನವರು ಕುರ್ಚಿ ಎಳೆದರೆ ಕೆಳಗಿನವರಿಗೆ ಕೇಳಿಸುತ್ತೆ. "ಮೇಲೆ ಒಂದ್ಸಲ ಕೇಳ್ಬಹುದಲ್ವಾ ಸಾರ್?" ಅಂದಳು ಹುಡುಗಿ. "ನಾವು ಹಂಗೆಲ್ಲ ಬಾಯಿಮಾತಲ್ಲಿ ಕೇಳೋ ಹಂಗಿಲ್ಲಮ್ಮ. ಪತ್ರ ಬರೀಬೇಕು."

ಪಕ್ಕದ ಚಿತ್ರದುರ್ಗದ ಪಾಳೇಗಾರರು ಏಳು ಸುತ್ತಿನ ಕೋಟೆ ಕಟ್ಟಿದರು. ಅವರಿಗೆ ಕಾರಣ ಇತ್ತು. ಒಳಗೆ ಅರಮನೆ ಇತ್ತು, ಕಣಜ ಇತ್ತು, ಹೊರಗೆ ಹೈದರಾಲಿ ಇದ್ದ. ಎಂ.ಎ.ಗೆ ಕಟ್ಟಿರುವ ಈ ಕೋಟೆ ಏನನ್ನು ಕಾಯುತ್ತಿದೆ ಅಂತ ಇಣುಕಿ ನೋಡಿದರೆ, ಖಾಲಿ ಬೆಂಚುಗಳು. ಕಲಾ ವಿಷಯಗಳಿಗೆ ಈಚೆಗೆ ಸೀಟು ತುಂಬುವುದೇ ಕಷ್ಟ. ಮುತ್ತಿಗೆ ಹಾಕಲು ಹೊರಗೆ ಯಾವ ಸೈನ್ಯವೂ ಇಲ್ಲ, ಬ್ಯಾಗ್ ಹಿಡಿದ ನಾಲ್ಕು ಮಕ್ಕಳಿದ್ದಾರೆ. ಅವರೂ ಇದೇ ಊರಿನ ಮಕ್ಕಳು. ಪಾಪ, ಒಳಗೆ ಹೋಗೋಕೆ ಒಂದು ಕಿಂಡಿ ಹುಡುಕುತ್ತಿದ್ದಾರೆ ಅಷ್ಟೇ. ಸಿಕ್ಕಸಿಕ್ಕವರೆಲ್ಲ ಒನಕೆ ಹಿಡಿದು ನಿಂತರೆ ಏನು ಮಾಡಬೇಕು?

ಅಷ್ಟರಲ್ಲಿ ಪೇಪರಿನಲ್ಲಿ ಪ್ರಕಟಣೆ ಬಂತು. "ಸ್ನಾತಕೋತ್ತರ ಪ್ರವೇಶ: ಅರ್ಜಿ ಸಲ್ಲಿಕೆ ಅವಧಿ ವಿಸ್ತರಣೆ." ಸ್ವಲ್ಪ ದಿನಕ್ಕೆ ಮತ್ತೊಂದು ವಿಸ್ತರಣೆ. ಅದಾದ ಮೇಲೆ ದಂಡಸಹಿತ ವಿಸ್ತರಣೆ. ಇದು ಚೆನ್ನಾಗಿದೆ. ಫಲಿತಾಂಶ ತಡಮಾಡಿದ್ದು ಅವರು, ದಂಡ ಕಟ್ಟುವುದು ಇವಳು. ಕಟ್ಟಿದಳು. ಆಮೇಲೆ ಮೆರಿಟ್ ಪಟ್ಟಿ ಹಾಕಿದರು. ಅರ್ಜಿ ಹಾಕಿದವರೆಲ್ಲರ ಹೆಸರೂ ಇತ್ತು. ಎಲ್ಲರಿಗೂ ಸೀಟು ಕೊಟ್ಟ ಮೇಲೂ ಸೀಟು ಉಳಿದಿದ್ದವು. ಆದರೂ ಪಟ್ಟಿಯ ಕೆಳಗೆ "ಆಯ್ಕೆ ಸಮಿತಿಯ ತೀರ್ಮಾನವೇ ಅಂತಿಮ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರು.

ಈಗ ಕ್ಲಾಸ್ ಶುರುವಾಗಿದೆ. ಶುರು ಅಂದರೆ, ವೇಳಾಪಟ್ಟಿ ಅಂಟಿಸಿದ್ದಾರೆ. ಪಾಠ ಮಾಡಬೇಕಾದವರಲ್ಲಿ ಜಾಸ್ತಿ ಜನ ಅತಿಥಿ ಉಪನ್ಯಾಸಕರು. ಎಷ್ಟು ವರ್ಷ ಪಾಠ ಮಾಡಿದ್ದರೂ ಅವರು ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಈ ವರ್ಷದ ನೇಮಕ ಇನ್ನೂ ಮುಗಿದಿಲ್ಲ. ಹುಡುಗಿ ಖಾಲಿ ಕ್ಲಾಸಿನಲ್ಲಿ ಕೂತು ಏನು ಮಾಡುವುದು ಅಂತ ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಹಾಕಿಸಲು ಪಶು ಆಸ್ಪತ್ರೆಗೆ ಹೋದಳು. ಅಲ್ಲಿ ಒಂದು ಹಸು, ಎರಡು ಆಡು, ಅವುಗಳ ಹಿಂದೆ ಫೈಲು ಹಿಡಿದು ನಿಂತ ಅವಳ ಅರ್ಥಶಾಸ್ತ್ರದ ಮೇಷ್ಟ್ರು. ಕೈಯಲ್ಲಿ ಅವರ ಎಂ.ಎ. ಅಂಕಪಟ್ಟಿ. ಅದೂ ಅದೇ ವಿಶ್ವವಿದ್ಯಾಲಯದ್ದು.

ಡಾಕ್ಟರು ಇಬ್ಬರನ್ನೂ ದೃಢೀಕರಿಸಿ ಕಳಿಸಿದರು.